ಹದಿಮೂರನೇ ಮಂಡಕ್ಕಿ

ಮಕ್ಕಳ ಪದ್ಯ ಅನ್ನೋದು ಪುಸ್ತಕದಲ್ಲಿ ತನ್ನ ಪಾಡಿಗೆ ತಾನು ಮಲಗಿರೋ ತನಕ ಯಾರಿಗೂ ತೊಂದರೆ ಇಲ್ಲ ನೋಡ್ರಿ. ಅದನ್ನ ಎಬ್ಬಿಸಿ, ನಿನ್ನ ಪ್ರಾಸ ಎಲ್ಲಿ, ಲಯ ಎಲ್ಲಿ, ಇದೇ ಮಾತನ್ನ ನಾಲ್ಕು ಸಲ ಯಾಕೆ ಅಂದೆ ಅಂತ ವಿಚಾರಣೆಗೆ ಕೂತಿರೋ, ಅಲ್ಲಿಂದ ಒಂದಾದ ಮೇಲೊಂದು ಶುರುವಾಗ್ತದೆ. ನನಗೆ ಒಂದಿಡೀ ವರ್ಷ ಹಾಗೇ ಆಯಿತು. ಪದ್ಯ ಇದ್ದದ್ದು ನಾಲ್ಕೇ ಸಾಲು. ಈಗ ಕೇಳಿದೋರು ಹೊಟ್ಟೆ ಹಿಡಕೊಂಡು ನಗ್ತಾರೆ. ಆಗ ನನ್ನ ಜೀವ ಬಾಯಿಗೆ ಬಂದಿತ್ತು, ನಗುವಂತೆ ನಗು!

ರಾಜ್ಯ ಒಂದಾದ ಹೊಸತು ಅದು. ನಾನು ದಾವಣಗೆರೆಯ ಒಂದು ಪ್ರೈಮರಿ ಶಾಲೆಯಲ್ಲಿ ಹಂಗಾಮಿ ಟೀಚರು. ಮಕ್ಕಳ ಬಾಯಲ್ಲಿ ‘ಅಕ್ಕೋರು’. ಮನೆ ಹರಿಹರದಲ್ಲಿ. ಅಪ್ಪನದು ಅಲ್ಲೇ ಕಾಳುಕಡಿ ಅಂಗಡಿ. ಬೆಳಿಗ್ಗೆ ಗಾಡಿಗೆ ದಾವಣಗೆರೆಗೆ ಹೋಗೋದು, ಸಂಜೆ ಗಾಡಿಗೆ ಹರಿಹರಕ್ಕೆ ಬರೋದು. ಕೆಲಸಕ್ಕೆ ಸೇರಿದ ದಿನವೇ ಅಪ್ಪ ವಿಭೂತಿ ಹಚ್ಚಿಕೊಳ್ತಾ ಕರಾರು ಹಾಕಿದ್ರು.

“ನೋಡು ತಾಯಿ, ಒಂದು ವರ್ಷ ಟೈಮು. ಅಷ್ಟರೊಳಗೆ ಕೆಲಸ ಖಾಯಂ ಆತು ಅಂದ್ರೆ ಮುಂದಿಂದೆಲ್ಲ ನಿನ್ನಿಷ್ಟ, ನಾನು ಬಾಯಿ ಹಾಕಲ್ಲ. ಆಗಲಿಲ್ಲ ಅಂದ್ರೆ ನಾನು ತೋರಿಸಿದ ಗಂಡಿಗೆ ಕೊರಳು ಕೊಡಬೇಕು. ಒಪ್ಪಿಗೇನಾ?”

“ಒಪ್ಪಿಗೆ” ಅಂದೆ. ಒಪ್ಪದೆ ಏನು ಮಾಡ್ಲಿ? ನಾನೋ ಮೂಗಿನ ತುದೀಲಿ ಸಿಟ್ಟು ಇಟ್ಟುಕೊಂಡೇ ಹುಟ್ಟಿದೋಳು. ಯಾರೋ ತೋರಿಸಿದ ಮನೆಗೆ ಹೋಗಿ ತಲೆ ಬಗ್ಗಿಸಿ ಕೂರೋದು ನೆನೆದರೇ ಮೈ ಉರೀತಿತ್ತು. ಹಾಗಾಗಿ ಆ ವರ್ಷ ನನಗೆ ಬೇಕಾಗಿದ್ದದ್ದು ಒಂದೇ ಒಂದು: ಖಾಯಂ ಆರ್ಡರು.

೧. ಯಾರಿಗೂ ಬ್ಯಾಡಾದ ಪಾಠ

ಒಂದು ಮಧ್ಯಾಹ್ನ ಹೆಡ್‌ಮಾಸ್ತರು ನಮ್ಮನ್ನೆಲ್ಲ ಕರೆಸಿದ್ರು. ನಶ್ಯ ಏರಿಸಿ, ಎರಡು ಸೀನು ಸೀನಿ, ಮೂರನೇದು ಬರ್ತದೋ ಇಲ್ಲವೋ ಅಂತ ಕಾದು ನೋಡಿ, ಆಮೇಲೆ ಕಾಗದ ಓದಿದ್ರು. ವರ್ಷದ ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರೆ. ಒಂದು ಮಾದರಿ ಪಾಠ ನೋಡ್ತಾರೆ. ಪಾಠ ಮಕ್ಕಳ ಪದ್ಯದ್ದು. ಬರೀ ರಾಗವಾಗಿ ಹೇಳಿಸಿದರೆ ಆಗೋದಿಲ್ಲ, ಅದರ ಪ್ರಾಸ, ಲಯ, ಪುನರಾವೃತ್ತಿ ಮೂರನ್ನೂ ಮಕ್ಕಳೇ ಬಿಡಿಸಿ ತೋರಿಸಬೇಕು. ಕಾಗದದ ಜೊತೆಗೆ ಆಫೀಸಿನಿಂದ ಒಂದು ಚಿಕ್ಕ ಪದ್ಯಪುಸ್ತಕವೂ ಬಂದಿತ್ತು. ಬರೆದೋರ ಹೆಸರು ಎಲ್ಲೂ ಇರಲಿಲ್ಲ.

“ಯಾರು ಮಾಡ್ತೀರಿ?” ಅಂದ್ರು ಹೆಡ್‌ಮಾಸ್ತರು.

ಒಬ್ಬ ಮೇಷ್ಟ್ರಿಗೆ ಆ ಕ್ಷಣದಲ್ಲೇ ಗಂಟಲು ಕಟ್ಟಿತು. ಇನ್ನೊಬ್ಬರು “ನಾನು ಲೆಕ್ಕದ ಕಡೆಯವನ್ರಿ” ಅಂದ್ರು. ಮೂರನೆಯವರು ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಕೂತರು.

“ಹಂಗಾದ್ರೆ ಹಂಗಾಮಿಯೋರು ಮಾಡ್ಲಿ. ಸಾಹೇಬ್ರು ಮೆಚ್ಚಿದ್ರೆ ಖಾಯಂ ಆಗ್ತೀಯವ್ವ.”

“ಮೆಚ್ಚದಿದ್ರೆ ಸಾರ್?”

ಹೆಡ್‌ಮಾಸ್ತರು ಸ್ವಲ್ಪ ಯೋಚಿಸಿದ್ರು. “ಹಂಗಾಮಿ ಅಲ್ಲೇನವ್ವ ನೀನು? ಹೋದ್ರೆ ಯಾರಿಗೂ ನಷ್ಟ ಇಲ್ಲ ಬಿಡು” ಅಂದ್ರು. ನಿದ್ದೆ ಬಂದಿದ್ದ ಮೇಷ್ಟ್ರೂ ಹೌದು ಅಂತ ತಲೆ ಆಡಿಸಿದ್ರು.

ಪದ್ಯ ಇದು:

ಹತ್ತಿ ಬಂಡಿ ಹೊರಟಿತಂತೆ
ಬಂಡಿ ಮೇಲೆ ಬೆಕ್ಕು ಅಂತೆ
ಬೆಕ್ಕಿಗೊಂದು ಟೋಪಿ ಅಂತೆ
ಟೋಪಿಯೊಳಗೆ ಇಲಿಗಳು ಅಂತೆ

ಮೂರನೇ ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ ಬರೆದೆ. ಮಕ್ಕಳು ಒಂದೇ ಸಲಕ್ಕೆ ಬಾಯಿಪಾಠ ಮಾಡಿಬಿಟ್ಟವು. ನಾನು ಬೀಗಿದೆ. ಪರವಾಗಿಲ್ಲ, ಇದೇನು ಮಹಾ ಅಂತ ಮೊದಲ ಪ್ರಶ್ನೆ ಹಾಕಿದೆ.

“ಪ್ರತಿ ಸಾಲಿನ ಕೊನೇಲೂ ಅಂತೆ, ಅಂತೆ, ಅಂತೆ ಅಂತ ಬಂದೈತಲ್ಲ, ಯಾಕೆ?”

ಪ್ರಾಸಕ್ಕೆ ಅಂತ ಯಾವುದಾದರೂ ಮಗು ಹೇಳ್ತದೆ, ಅದನ್ನ ಹಿಡಿದು ಮುಂದೆ ಹೋಗೋಣ ಅಂತ ನನ್ನ ಲೆಕ್ಕಾಚಾರ. ಒಬ್ಬ “ಮರೀಬಾರದು ಅಂತ” ಅಂದ. ಒಬ್ಬಳು “ಬರೆದೋರಿಗೆ ಬೇರೆ ಮಾತು ಸಿಗ್ಲಿಲ್ಲ ಅಕ್ಕೋರೆ” ಅಂದಳು. ಕೋರ್ಟಿನ ಅಮೀನರ ಮಗಳು ಒಬ್ಬಳಿದ್ದಳು, ಎರಡು ಜಡೆಯವಳು. ಎದ್ದು ನಿಂತು ಕೈ ಕಟ್ಟಿಕೊಂಡು ಹೇಳಿದಳು:

“ಬರೆದೋರು ಕಣ್ಣಾರೆ ನೋಡಿಲ್ಲ ಅಕ್ಕೋರೆ. ಯಾರೋ ಹೇಳಿದ್ದನ್ನ ಕೇಳಿ ಬರ್ದಾರೆ. ಇದು ಸಾಕ್ಷಿಗೆ ನಡೆಯಲ್ಲ.”

೨. ಬೆಕ್ಕು ತಿಂದ ಹುಡುಗಿ

ಪ್ರಾಸ ಹೇಗೋ ಆಯಿತು. ಲಯಕ್ಕೆ ಬಂದಾಗ ನನ್ನ ಬೆವರು ಇಳೀತು. ಮಾತ್ರೆ ಎಣಿಸೋದು ಹೇಗೆ ಅಂತ ಆ ಚಿಕ್ಕ ಜೀವಗಳಿಗೆ ಹೇಳೋದು ಹೆಂಗೆ? ಚಪ್ಪಾಳೆ ತಟ್ಟಿಸಿದೆ. ಎಂಟು ದಿನ ಅವು ತಟ್ಟಿದ್ದೇ ತಟ್ಟಿದ್ದು. ಪಕ್ಕದ ಕ್ಲಾಸಿನ ಲೆಕ್ಕದ ಮೇಷ್ಟ್ರು ಬಾಗಿಲಿಗೆ ಬಂದು “ಏನ್ರಿ, ಇಲ್ಲೇನು ದಿನಾ ಯಾರಿಗಾದ್ರೂ ಸನ್ಮಾನ ನಡೆದೈತೇನು?” ಅಂತ ಕೇಳಿದ ಮೇಲೆ ನಿಲ್ಲಿಸಿದೆ.

ನಮ್ಮ ಶಾಲೆಯ ಹಿಂದೆಯೇ ಮಂಡಕ್ಕಿ ಭಟ್ಟಿಗಳು. ಗಾಳಿ ಈ ಕಡೆ ಬೀಸಿತು ಅಂದ್ರೆ ಹುರಿದ ಮಂಡಕ್ಕಿಯ ವಾಸನೆಗೆ ಪಾಠ ಮಾಡೋಳಿಗೂ ಬಾಯಲ್ಲಿ ನೀರು. ಭಟ್ಟಿಯವರ ಮಗಳು ಒಬ್ಬಳು ನನ್ನ ಕ್ಲಾಸಿನಲ್ಲೇ ಇದ್ದಳು. ಅವಳ ಲಂಗದ ಮಡಿಲಲ್ಲಿ ಯಾವಾಗಲೂ ಒಂದು ಹಿಡಿ ಮಂಡಕ್ಕಿ ಇರೋದೇ. ಒಂದು ದಿನ ಅದನ್ನ ಕಿತ್ತುಕೊಂಡು ಮೇಜಿನ ಮೇಲೆ ಸುರಿದಾಗ ನನಗೆ ಹೊಳೀತು. ಥಟ್ಟನೆ ಮುಗಿಯೋ ಅಕ್ಷರಕ್ಕೆ ಒಂದು ಮಂಡಕ್ಕಿ, ಎಳೆದು ಅನ್ನೋದಕ್ಕೆ, ಒತ್ತಿ ಅನ್ನೋದಕ್ಕೆ ಎರಡು. ಅಷ್ಟೇ! ‘ಬಂಡಿ’ಗೆ ಎರಡು, ಒಂದು, ಒಟ್ಟು ಮೂರು. ‘ಮೇಲೆ’ಗೆ ಮೂರು. ‘ಬೆಕ್ಕು’ ಮೂರು. ‘ಅಂತೆ’ ಮೂರು. ಸಾಲಿಗೆ ಸರಿಯಾಗಿ ಹನ್ನೆರಡು.

ಮಕ್ಕಳು ಮುಗಿಬಿದ್ದವು. ಭಟ್ಟಿಯ ಹುಡುಗಿ ಮರುದಿನ ಒಂದು ಚೀಲವನ್ನೇ ಹೊತ್ತು ತಂದಳು. ಎಲ್ಲರೂ ಸ್ಲೇಟಿನ ಮೇಲೆ ಬರೆದು ಅಕ್ಷರದ ಕೆಳಗೆ ಮಂಡಕ್ಕಿ ಇಟ್ಟು ಎಣಿಸೋರೇ. ಒಂದೇ ತೊಂದರೆ, ನಾನು ಆ ಕಡೆ ತಿರುಗಿ ಈ ಕಡೆ ತಿರುಗೋ ಹೊತ್ತಿಗೆ ಪದ್ಯ ಕರಗಿರೋದು. ಒಬ್ಬನ ಸಾಲಿಗೆ ಹತ್ತು, ಒಬ್ಬಳ ಸಾಲಿಗೆ ಏಳು. ಇನ್ನೊಬ್ಬನ ಸ್ಲೇಟಿನಲ್ಲಿ ಬಂಡಿ ಒಂದೇ ನಿಂತಿದೆ, ಮೇಲೆ ಬೆಕ್ಕೂ ಇಲ್ಲ, ಏನೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರೋದು. ಒಬ್ಬೊಬ್ಬರ ಮುಂದೆ ಹೋಗಿ “ಬಾಯಿ ತೆಗಿ! ಬಾಯಿ ತೆಗಿ!” ಅಂತ ಗದರಿಸೋದೇ ನನ್ನ ಕೆಲಸ ಆಯಿತು. ಬಾಯಿ ತೆಗೆಸೋದು, ನಾಲಿಗೆ ಮೇಲೆ ಮಂಡಕ್ಕಿ ಇದ್ದರೆ ಯಾವ ಅಕ್ಷರ ತಿಂದೆ ಅಂತ ಕೇಳೋದು. ಹಗಲೂ ಇದೇ ಮಾತು, ಕನಸಿನಲ್ಲೂ ಇದೇ ಮಾತು.

ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಲಾಸಿಗೇ ನುಗ್ಗಿದರು. ಹಣೆ ತುಂಬ ವಿಭೂತಿ, ಕಣ್ಣಲ್ಲಿ ಕೆಂಡ. ಹಿಂದೆ ಅಳುತ್ತಾ ಮೊಮ್ಮಗಳು.

“ಯಾರಿಲ್ಲಿ ಅಕ್ಕೋರು? ಸೋಮವಾರ ಈರುಳ್ಳಿನೂ ಮುಟ್ಟದ ಮನಿ ನಮ್ಮದು! ನಿನ್ನೆ ಸಾಲಿಯಿಂದ ಬಂದ ಕೂಸು ‘ಬೆಕ್ಕು ತಿಂದೆ ಅಜ್ಜಿ, ಅರ್ಧ ಟೋಪಿನೂ ತಿಂದೆ, ಅಕ್ಕೋರು ಬಾಯಿ ತೆಗೆಸಿ ನೋಡಿದ್ರು’ ಅಂತೈತಲ್ಲ! ಏನು ಸಾಲೇನೋ ಇದು, ಏನು ಕಥೆನೋ?”

ನನಗೆ ನಗು ಬಂತು, ನಗೋ ಹಾಗಿಲ್ಲ. ಅಜ್ಜಿಯನ್ನ ಕೂರಿಸಿ, ಸ್ಲೇಟು ಎದುರಿಗಿಟ್ಟು, ಬೆಕ್ಕಿನ ಕೆಳಗೆ ಮೂರು ಮಂಡಕ್ಕಿ ಇಟ್ಟು ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಒಂದನ್ನ ಎತ್ತಿ ಬಾಯಿಗೆ ಹಾಕಿಕೊಂಡರು. ಇನ್ನೆರಡನ್ನೂ ಹಾಕಿಕೊಂಡರು. ಆಮೇಲೆ ಚೀಲಕ್ಕೇ ಕೈ ಹಾಕಿದರು.

“ಅಯ್ಯ ನನ ಕರ್ಮ, ಇಷ್ಟಕ್ಕೆ ನಿನ್ನೆ ಕೂಸಿಗೆ ತಲಿ ಮೇಲೆ ಎರಡು ಕೊಡ ನೀರು ಸುರುವಿದ್ನಲ್ಲ” ಅಂತ ಮೊಮ್ಮಗಳ ತಲೆ ಸವರಿದರು. ಬಾಗಿಲ ತನಕ ಹೋದೋರು ತಿರುಗಿ ನಿಂತರು. “ಆದ್ರೂ ಅಕ್ಕೋರೆ, ಒಂದೀಟು ಎಣ್ಣೆ, ಒಂದು ಹಸಿಮೆಣಸಿನಕಾಯಿ ಇದ್ದಿದ್ರೆ ಬೆಕ್ಕು ಇನ್ನೂ ಚೆನ್ನಾಗಿರ್ತಿತ್ತು ನೋಡು.”

೩. ಮಾಯಕೊಂಡದ ಅಜ್ಜಿಯ ಮಂತ್ರ

ಇಷ್ಟೆಲ್ಲ ಆದ ಮೇಲೆ ಒಂದು ಹೊಸ ತಲೆನೋವು ಹುಟ್ಟಿತು. ಮೊದಲ ಮೂರು ಸಾಲಿಗೆ ಹನ್ನೆರಡು ಹನ್ನೆರಡು. ನಾಲ್ಕನೇ ಸಾಲಿಗೆ ಎಲ್ಲ ಮಕ್ಕಳದ್ದೂ ಹದಿಮೂರು. ತಿಂದರೆ ಕಡಿಮೆ ಆಗಬೇಕು, ಜಾಸ್ತಿ ಹೇಗಾಗ್ತದೆ? ನಾನೇ ಕೂತು ಎಣಿಸಿದೆ. ‘ಟೋಪಿಯೊಳಗೆ’ ಆರು. ‘ಅಂತೆ’ ಮೂರು. ನಡುವಿನ ‘ಇಲಿಗಳು’ ನಾಲ್ಕು. ತಪ್ಪು ಇಲಿಗಳದ್ದು! ಒಂದೇ ಇಲಿ ಇಟ್ಟು ‘ಇಲಿಯು’ ಅಂದಿದ್ದರೆ ಮೂರಕ್ಕೇ ಮುಗೀತಿತ್ತು.

“ಈ ಸಾಲು ಕುಂಟ್ತೈತೆ ಮಕ್ಕಳೇ” ಅಂದೆ. “ಬರೆದ ಪುಣ್ಯಾತ್ಮ ನಿದ್ದೆಗಣ್ಣಲ್ಲಿ ಬರ್ದಾನೆ.” ಮಕ್ಕಳಿಗೆ ಈ ಮಾತು ಪದ್ಯಕ್ಕಿಂತ ಬೇಗ ಬಾಯಿಪಾಠ ಆಯಿತು. ಅದು ನನಗೆ ಆಗ ತಿಳೀಲಿಲ್ಲ.

ಆದರೂ ಮನಸ್ಸಿಗೆ ಅಳುಕು. ಅಚ್ಚಾದ ಪುಸ್ತಕ ತಪ್ಪಾಗಿರ್ತದೋ, ಹಂಗಾಮಿ ಅಕ್ಕೋರು ತಪ್ಪಾಗಿರ್ತಾಳೋ? ಸಂಜೆ ಗಾಡಿಯಲ್ಲಿ ಕೂತು ಮತ್ತೆ ಎಣಿಸೋಕೆ ಶುರು ಮಾಡಿದೆ. ರೈಲಿನಲ್ಲಿ ಮಂಡಕ್ಕಿ ಹರಡಿಕೊಂಡು ಕೂರೋದಕ್ಕಾಗ್ತದಾ? ಬೆರಳಿನ ಗೆಣ್ಣು ಹಿಡಿದೆ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಸರಿಯಾಗಿ ಹನ್ನೆರಡು. ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಗೆಣ್ಣು ಮುಟ್ಟುತ್ತಾ, ತುಟಿ ಆಡಿಸ್ತಾ ಹರಿಹರದ ತನಕ ಅದೇ ಕೆಲಸ.

ಎದುರಿಗೆ ಮಾಯಕೊಂಡದಿಂದ ಹತ್ತಿದ್ದ ಒಬ್ಬ ಅಜ್ಜಿ. ಹರಿಹರದಲ್ಲಿ ಮಗಳ ಮನೆಗೆ ಆಗಾಗ ಬರೋರು. ನಾಲ್ಕು ದಿನ ನೋಡಿದರು. ಐದನೇ ದಿನ ಬಗ್ಗಿ ನನ್ನ ಕಾಲು ಮುಟ್ಟೋಕೇ ಬಂದುಬಿಟ್ಟರು.

“ಅಯ್ಯೋ ಅಜ್ಜಿ, ಏನು ಮಾಡ್ತೀರಿ!”

“ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಜಪ ಮಾಡ್ತೀಯಲ್ಲವ್ವ. ಯಾವ ಮಂತ್ರ?”

“ಮಂತ್ರ ಅಲ್ಲಜ್ಜಿ. ಬೆಕ್ಕು, ಟೋಪಿ” ಅಂದೆ.

“ಗೊತ್ತೈತೆ ಬಿಡು. ಗುರುಗಳು ಕೊಟ್ಟಿದ್ದನ್ನ ಹೊರಗೆ ಹೇಳಬಾರದು” ಅಂತ ಕಣ್ಣು ಮಿಟುಕಿಸಿದರು. ಆಮೇಲೆ ನಾನು ಎಷ್ಟು ಬಿಡಿಸಿ ಹೇಳಿದರೂ “ಹೌದೌದು” ಅಂತ ನಗೋದು. ಇಡೀ ಡಬ್ಬಿಗೇ ಸುದ್ದಿ ಆಯಿತು. ಮರುದಿನದಿಂದ ಎಷ್ಟೇ ನೂಕುನುಗ್ಗಲು ಇರಲಿ, ಕಿಟಕಿ ಪಕ್ಕದ ಜಾಗ ನನಗೇ. ಬೀಡಿ ಸೇದೋ ಗಂಡಸರು ನಾನು ಹತ್ತಿದ ಕೂಡಲೇ ಬಾಗಿಲ ಹತ್ತಿರ ಹೋಗೋರು. ಸುಳ್ಳು ಯಾಕೆ ಹೇಳ್ಲಿ, ಹದಿನೈದು ದಿನ ನಾನೂ ಗಂಭೀರವಾಗಿ ಕೂತು ಆ ಸುಖ ಉಂಡೆ.

ಆಮೇಲೆ ಅಜ್ಜಿ ಮತ್ತೆ ಸಿಕ್ಕರು. ಮುಖ ಅರಳಿತ್ತು.

“ನಿನ್ನ ಮಂತ್ರ ಕದ್ದು ಕೇಳಿಸ್ಕೊಂಡಿದ್ನವ್ವ, ತಪ್ಪು ತಿಳೀಬ್ಯಾಡ. ‘ಬೆಕ್ಕಿಗೊಂದು ಟೋಪಿ ಅಂತೆ.’ ದಿನಾ ನೂರೆಂಟು ಸಲ ಹೇಳ್ತೀನಿ. ಮಂಡಿ ನೋವು ಅರ್ಧ ಹೋತು.”

“ಅರ್ಧ ಯಾಕಜ್ಜಿ ಉಳೀತು?” ಅಂದೆ.

ಅಜ್ಜಿ ಕೈ ಮುಂದೆ ಚಾಚಿ ಗೆಣ್ಣು ತೋರಿಸಿದರು. “ಆ ನಾಲ್ಕನೇ ಸಾಲಿಗೆ ಬಂದಾಗ ಗೆಣ್ಣು ಸಾಲಲ್ಲ ಕಣವ್ವ. ಅಲ್ಲಿ ನಿನ್ನ ಗುರುಗಳು ಏನೋ ಎಡವಟ್ಟು ಮಾಡ್ಯಾರೆ.”

೪. ಎಣಿಸಿ ಕೊಡೋ ಕೈ

ವರ್ಷ ಇನ್ನೂ ಮುಗಿದಿರಲಿಲ್ಲ. ಅಪ್ಪನಿಗೆ ತಡೀಲಿಲ್ಲ. “ಸುಮ್ಮನೆ ನೋಡ್ಕಂಡು ಹೋಗ್ತಾರೆ ತಾಯಿ, ಅದಕ್ಕೇನು” ಅಂತ ಕಡರನಾಯಕನಹಳ್ಳಿಯಿಂದ ಗಂಡಿನ ಕಡೆಯವರನ್ನ ಕರೆಸಿಬಿಟ್ಟರು. ನಾನು ರೇಗಿದೆ. ಅವ್ವ “ಬಾಯಿ ಮುಚ್ಕೊಂಡು ರೇಷ್ಮೆ ಸೀರೆ ಉಟ್ಕೊ” ಅಂದಳು.

ಕಮಾನಿನ ಕೊಲ್ಲಾರಿ ಬಂಡಿಯಲ್ಲಿ ಬಂದರು, ಒಂಬತ್ತು ಜನ. ಗಂಡು ಒಬ್ಬ, ಮಿಕ್ಕವರು ಅವನನ್ನ ಕಾಯೋರು. ಎಲ್ಲರಿಗಿಂತ ಮುಖ್ಯ ಅವನ ಸೋದರತ್ತೆ. ನತ್ತಿನ ಹಿಂದಿನಿಂದ ಎಲ್ಲವನ್ನೂ ಅಳೀತಿದ್ದರು. ಅವ್ವ ಒಳಗಿನಿಂದ ಒಗ್ಗರಣೆ ಮಂಡಕ್ಕಿಯ ದೊಡ್ಡ ಪಾತ್ರೆ ಕೊಟ್ಟು “ಎಲ್ಲರಿಗೂ ತಟ್ಟೆಗೆ ಹಾಕು” ಅಂದಳು.

ದೇವರಾಣೆ ಹೇಳ್ತೀನಿ, ನಾನು ಬೇಕು ಅಂತ ಮಾಡಿದ್ದಲ್ಲ. ಏಳೆಂಟು ತಿಂಗಳಿಂದ ದಿನಾ ಮಾಡಿದ ಕೆಲಸ, ಕೈ ತನ್ನಷ್ಟಕ್ಕೆ ತಾನೇ ಮಾಡ್ತು. ತಟ್ಟೆ ಇಟ್ಟೆ, ಮೂರು ಮಂಡಕ್ಕಿ, ಮೂರು ಮಂಡಕ್ಕಿ, ಮೂರು, ಮೂರು. ಒಂದು ತಟ್ಟೆಗೆ ಹನ್ನೆರಡು. ಮುಂದಿನ ತಟ್ಟೆಗೆ ಹನ್ನೆರಡು. ನನ್ನ ತಲೆಯೊಳಗೆ ಬಂಡಿ ಹೊರಟಿತ್ತು, ಮೇಲೆ ಬೆಕ್ಕು ಕೂತಿತ್ತು. ಒಂಬತ್ತು ತಟ್ಟೆ ಮುಗಿಸಿ ತಲೆ ಎತ್ತಿದಾಗ ಪಡಸಾಲೆಯಲ್ಲಿ ಒಂಬತ್ತು ಜನರೂ ತಮ್ಮ ತಮ್ಮ ತಟ್ಟೆಯನ್ನೇ ಬಗ್ಗಿ ನೋಡ್ತಿದ್ದರು. ಪಾತ್ರೆ ಇನ್ನೂ ತುಂಬಿಕೊಂಡೇ ಇತ್ತು.

ಗಂಡು ಪಾಪ, ಹನ್ನೆರಡನ್ನೂ ಒಂದೊಂದಾಗಿ ತಿಂದು ಕೈ ತೊಳೆದ.

ಸೋದರತ್ತೆ ತಟ್ಟೆ ಮುಟ್ಟಲಿಲ್ಲ. “ಇದೇನಮ್ಮ?” ಅಂದರು.

“ಹನ್ನೆರಡು” ಅಂದೆ.

ಎರಡು ದಿನ ಬಿಟ್ಟು ನಡುವಿನವರು ಬಂದು ಸುದ್ದಿ ಹೇಳಿದರು. ಹುಡುಗಿ ಲಕ್ಷಣವಾಗಿ ಅದಾಳೆ, ಓದ್ಯಾಳೆ, ಮನೆತನ ಚೆನ್ನಾಗೈತೆ. ಆದ್ರೆ ಇಪ್ಪತ್ತು ಜನ ಉಣ್ಣೋ ಮನೆ ತಮ್ಮದು, ಮಂಡಕ್ಕಿಯನ್ನೇ ಎಣಿಸಿ ಇಡೋ ಕೈಗೆ ಕಣಜ ಒಪ್ಪಿಸೋದಕ್ಕಾಗಲ್ಲ ಅಂದರಂತೆ.

ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಕುಣಿದೆ. ಅಪ್ಪ ನೋಡಿಬಿಟ್ಟರು.

“ಕುಣಿ ಕುಣಿ. ಊರಿಗೆಲ್ಲ ಗೊತ್ತಾಗೈತೆ, ಕಾಳು ಅಂಗಡಿಯವನ ಮಗಳು ಕಾಳು ಎಣಿಸಿ ಕೊಡ್ತಾಳಂತೆ ಅಂತ ಗಿರಾಕಿಗಳು ನಗ್ತಾವೆ. ಆ ಇನ್‌ಸ್ಪೆಕ್ಟರು ನಿನ್ನ ಖಾಯಂ ಮಾಡಲಿಲ್ಲವೋ, ಮುಂದಿನ ಗಂಡು ಬಂದಾಗ ನಿನ್ನ ಎರಡೂ ಕೈ ಕಟ್ಟಿ ಕೂಡಿಸ್ತೀನಿ. ತಟ್ಟೆ ನಾನೇ ತುಂಬ್ತೀನಿ!”

೫. ಸಾಹೇಬ್ರ ಬಾಯಿ

ಕೊನೆಗೂ ಆ ದಿನ ಬಂತು. ಶಾಲೆಗೆ ಸುಣ್ಣ ಹೊಡೆಸಿದ್ದರು. ಮಕ್ಕಳು ತಲೆಗೆ ಎಣ್ಣೆ ಸುರಿದುಕೊಂಡು ಮಿಂಚ್ತಿದ್ದವು. ಭಟ್ಟಿಯ ಹುಡುಗಿ ಆಗ ತಾನೇ ಹುರಿದ ಬಿಸಿ ಮಂಡಕ್ಕಿ ತಂದಿದ್ದಳು. ಮಕ್ಕಳನ್ನ ಕೂರಿಸಿ ಹೇಳಿದೆ:

“ಮೂರು ಸಾಲು ಎಣಿಸ್ರಿ. ನಾಲ್ಕನೇ ಸಾಲಿಗೆ ಹೋಗಬ್ಯಾಡ್ರಿ. ಅಷ್ಟರಲ್ಲಿ ಗಂಟೆ ಹೊಡೀತೈತೆ. ಇವತ್ತು ಯಾರಾದ್ರೂ ಒಂದೇ ಒಂದು ಮಂಡಕ್ಕಿ ಬಾಯಿಗೆ ಹಾಕಿದ್ರೋ, ಚರ್ಮ ಸುಲಿದುಬಿಡ್ತೀನಿ.”

ಪದ್ಧತಿ ಪ್ರಕಾರ ಸಾಹೇಬ್ರು ಮೊದಲು ಹೆಡ್‌ಮಾಸ್ತರ ರೂಮಿನಲ್ಲಿ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೊಟ್ಟೆ ತಣ್ಣಗೆ ಮಾಡಿಕೊಂಡು ಕ್ಲಾಸಿಗೆ ಬರಬೇಕು. ಅವತ್ತು ಗಾಡಿ ಎರಡು ಗಂಟೆ ತಡ. ಬೆಳಿಗ್ಗೆಯಿಂದ ಏನೂ ತಿಂದಿರದ ಸಾಹೇಬ್ರು “ಮೊದಲು ಕೆಲಸ, ಆಮೇಲೆ ತಿಂಡಿ” ಅಂತ ನೇರ ನನ್ನ ಕ್ಲಾಸಿಗೇ ಬಂದುಬಿಟ್ಟರು. ಉದ್ದ ಕೋಟು, ಪೇಟ, ಮುಖದಲ್ಲಿ ನಗುವಿನ ಗುರುತೇ ಇಲ್ಲ. ಅಷ್ಟಾದರೂ ಮಂಡಕ್ಕಿ ವಾಸನೆಗೆ ಮೂಗಿನ ಹೊಳ್ಳೆ ಎರಡು ಸಲ ಅರಳಿದ್ದನ್ನ ನಾನು ನೋಡಿದೆ.

ಪಾಠ ಬೆಣ್ಣೆಯ ಹಾಗೆ ಹೋಯಿತು. ಪ್ರಾಸ ಕೇಳಿದೆ, ಹೇಳಿದವು. ಮತ್ತೆ ಮತ್ತೆ ಬರೋ ಮಾತು ಯಾವುದು ಅಂದೆ, ಗೆರೆ ಎಳೆದು ತೋರಿಸ್ದವು. ಅಮೀನರ ಮಗಳು ಕೈ ಎತ್ತಿದಳು, ನಾನು ಆ ಕಡೆ ನೋಡಲೇ ಇಲ್ಲ. ಮೂರು ಸಾಲು, ಮೂರು ಹನ್ನೆರಡು. ಸಾಹೇಬ್ರು ತಲೆ ಆಡಿಸಿದರು. ನನ್ನ ಎದೆಯೊಳಗೆ ಖಾಯಂ ಖಾಯಂ ಅಂತ ಡೋಲು ಬಾರಿಸ್ತಿತ್ತು.

ಆಗ ಬಾಗಿಲಲ್ಲಿ ಹೆಡ್‌ಮಾಸ್ತರು ಕಾಣಿಸಿಕೊಂಡರು. ಮುಖ ಬಿಳುಚಿತ್ತು. ಸಾಹೇಬ್ರ ಬೆನ್ನ ಹಿಂದೆ ನಿಂತು ನನಗೆ ಏನೇನೋ ಸನ್ನೆ. ಪುಸ್ತಕ ತೋರಿಸ್ತಾರೆ, ಗಾಳಿಯಲ್ಲಿ ಬರೆದ ಹಾಗೆ ಮಾಡ್ತಾರೆ, ಸಾಹೇಬ್ರ ಕಡೆ ಬೆರಳು ತೋರಿಸ್ತಾರೆ, ನಾಲ್ಕು ಬೆರಳು ಎತ್ತಿ ಬ್ಯಾಡ ಬ್ಯಾಡ ಅಂತ ಕೈ ಬೀಸ್ತಾರೆ. ಬೋರ್ಡಿನ ತುದೀಲಿ ನಾನು ಸಣ್ಣದಾಗಿ ಬರೆದಿದ್ದ ನಾಲ್ಕನೇ ಸಾಲನ್ನ ಸಾಹೇಬ್ರಿಗೆ ಕಾಣೋ ಹಾಗೆ ಬರಿ, ಇಷ್ಟು ಸಣ್ಣದು ಬ್ಯಾಡ ಅಂತಿದ್ದಾರೆ ಅಂದುಕೊಂಡೆ. ಸೀಮೆಸುಣ್ಣ ತಗೊಂಡು ಇಡೀ ಬೋರ್ಡು ತುಂಬ, ಒಂದೊಂದು ಅಕ್ಷರ ಕುಂಬಳಕಾಯಿ ಗಾತ್ರ ಮಾಡಿ ಬರೆದೆ. ಹೆಡ್‌ಮಾಸ್ತರು ತಲೆ ಮೇಲೆ ಕೈ ಹೊತ್ತುಕೊಂಡು ಬಾಗಿಲಿಗೆ ಒರಗಿಬಿಟ್ಟರು.

“ಈ ಸಾಲನ್ನು ಎಣಿಸಲಿಲ್ಲವಲ್ಲ?” ಅಂದರು ಸಾಹೇಬ್ರು.

ನಾನು ಬಾಯಿ ತೆರೆಯೋ ಮೊದಲೇ ನಲವತ್ತು ಮಕ್ಕಳು ಒಂದೇ ಉಸಿರಿಗೆ ಹಾಡಿದವು. “ಆ ಸಾಲು ಕುಂಟ್ತೈತೆ ಸಾರ್! ಬರೆದ ಪುಣ್ಯಾತ್ಮ ನಿದ್ದೆಗಣ್ಣಲ್ಲಿ ಬರ್ದಾನೆ ಸಾರ್!”

ಎಂಥ ಒಕ್ಕೊರಲು ಅಂತೀರಿ! ಪದ್ಯವನ್ನೂ ಅಷ್ಟು ಲಯವಾಗಿ ಹೇಳಿರಲಿಲ್ಲ.

ಸಾಹೇಬ್ರ ಮುಖ ಕೆಂಪಾಯಿತು. “ಈ ಪದ್ಯ ಬರೆದದ್ದು ನಾನು” ಅಂದರು.

ನನಗೆ ನೆಲ ಬಿರಿದು ನುಂಗಬಾರದಾ ಅನ್ನಿಸಿತು. ಹೆಡ್‌ಮಾಸ್ತರಿಗೆ ಅದು ಗೊತ್ತಾಗಿದ್ದು ಅವತ್ತೇ, ಸಾಹೇಬ್ರ ಜೊತೆ ಬಂದ ಜವಾನನ ಬಾಯಿಂದ. ಅದನ್ನೇ ಸನ್ನೆಯಲ್ಲಿ ಹೇಳ್ತಿದ್ದರಂತೆ, ಮಹಾನುಭಾವರು! ಆಯಿತು, ಖಾಯಂ ಆದ ಹಾಗೇ. ಕಣ್ಣ ಮುಂದೆ ಅಪ್ಪ ಹಗ್ಗ ಹಿಡಕೊಂಡು ನಿಂತಿದ್ದರು.

“ಸಾಧ್ಯವೇ ಇಲ್ಲ. ಎಲ್ಲಿ, ಆ ಸ್ಲೇಟು ಕೊಡಿ ಇಲ್ಲಿ” ಅಂದವರೇ ಸಾಹೇಬ್ರು, ಕೋಟು ಸರಿಸಿಕೊಂಡು ಮಕ್ಕಳ ನಡುವೆ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಭಟ್ಟಿಯ ಹುಡುಗಿ ಚೀಲ ಮುಂದೆ ಇಟ್ಟಳು. ಸಾಲು ಬರೆದರು, ಮಂಡಕ್ಕಿ ಇಟ್ಟರು, ಎಣಿಸಿದರು. ಹದಿಮೂರು. ಅಳಿಸಿದರು, ಮತ್ತೆ ಬರೆದರು. ಹದಿಮೂರು. ಸಾಹೇಬ್ರ ಹಣೆಯಲ್ಲಿ ಬೆವರು. ನನಗೂ ಬೆವರು. ಹೆಡ್‌ಮಾಸ್ತರಿಗೆ ಸೀನು ಬರ್ತಿದೆ, ಮೂಗು ಹಿಡಿದು ನಿಂತಿದ್ದಾರೆ.

ಸಾಹೇಬ್ರು ಗಲ್ಲಕ್ಕೆ ಕೈಯಿಟ್ಟು ಬೋರ್ಡನ್ನೇ ನೋಡ್ತಾ ಯೋಚನೆಗೆ ಬಿದ್ದರು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ, ಮೂಗಿನ ಮುಂದೆ ಬಿಸಿ ಮಂಡಕ್ಕಿ. ಕಣ್ಣು ಬೋರ್ಡಿನ ಮೇಲೆ, ಬಲಗೈ ಮೆಲ್ಲಗೆ ಸ್ಲೇಟಿಗೆ ಬಂತು, ಒಂದನ್ನ ಎತ್ತಿತು, ಬಾಯಿಗೆ ಹೋಯಿತು. ಅವರಿಗೇ ಗೊತ್ತಿಲ್ಲ. ಆಮೇಲೆ ಬಗ್ಗಿ ಮತ್ತೆ ಎಣಿಸಿದರು. ಮುಖ ಬೆಳಗಿತು.

“ಹನ್ನೆರಡು! ನೋಡಿದಿರಾ? ಸರಿಯಾಗಿ ಹನ್ನೆರಡು!”

ಭಟ್ಟಿಯ ಹುಡುಗಿ ಎದ್ದು ನಿಂತು ಕಿರುಚಿದಳು:

“ಅಕ್ಕೋರೆ! ಸಾಹೇಬ್ರು ಇಲಿ ತಿಂದ್ರು!”

ಆಗ ನನಗೇನಾಯಿತೋ ಇವತ್ತಿಗೂ ಗೊತ್ತಿಲ್ಲ. ಇನ್‌ಸ್ಪೆಕ್ಟರು, ಆರ್ಡರು, ಅಪ್ಪ, ಗಂಡು, ಎಲ್ಲ ಮರೆತುಹೋಯಿತು. ಒಂದು ವರ್ಷದ ಅಭ್ಯಾಸ ನೋಡ್ರಿ. ಎರಡೇ ಹೆಜ್ಜೆಗೆ ಹೋಗಿ ಅವರ ಮುಂದೆ ನಿಂತು, ಸೊಂಟಕ್ಕೆ ಕೈಯಿಟ್ಟು ಗದರಿಸಿಬಿಟ್ಟೆ.

“ಬಾಯಿ ತೆಗೀರಿ!”

ತೆಗೆದರು! ಅಷ್ಟು ದೊಡ್ಡ ಸಾಹೇಬ್ರು, ಪೇಟ ಕೋಟು ಸಮೇತ, ಎರಡನೇ ಮಾತಿಲ್ಲದೆ ಅಗಲವಾಗಿ ಬಾಯಿ ತೆಗೆದರು. ನಾಲಿಗೆಯ ಮೇಲೆ ಹದಿಮೂರನೇ ಮಂಡಕ್ಕಿ.

ಹೆಡ್‌ಮಾಸ್ತರು ಅಷ್ಟು ಹೊತ್ತು ಹಿಡಿದಿದ್ದ ಸೀನು ಆಗ ಸಿಡೀತು. ಸಾಹೇಬ್ರು ಬಾಯಿ ಮುಚ್ಚಿ, ಮಂಡಕ್ಕಿ ನುಂಗಿ, ಎದ್ದು, ಕೋಟು ಕೊಡವಿ ಹೊರಗೆ ಹೋದರು. ತಪಾಸಣೆ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಈ ಶಿಕ್ಷಕಿ ಎದುರಿಗಿರುವವರು ಯಾರೆಂದು ನೋಡದೆ ಎಣಿಸುತ್ತಾರೆ.’ ಇದು ಹೊಗಳಿದ್ದೋ ಬೈದಿದ್ದೋ ಅಂತ ಶಾಲೆಯಲ್ಲಿ ಒಂದು ತಿಂಗಳು ಚರ್ಚೆ ನಡೀತು. ಲೆಕ್ಕದ ಮೇಷ್ಟ್ರು ಬೈದಿದ್ದೇ ಅಂದರು. ನಾನು ಅತ್ತು ಅತ್ತು ಟ್ರಂಕಿಗೆ ಪುಸ್ತಕ ತುಂಬಿಟ್ಟೆ.

ತಿಂಗಳು ಕಳೆದ ಮೇಲೆ ಆರ್ಡರು ಬಂತು. ಖಾಯಂ! ಜೊತೆಗೆ ಪದ್ಯಪುಸ್ತಕದ ಹೊಸ ಪ್ರತಿ. ನಾಲ್ಕನೇ ಸಾಲಿನಲ್ಲಿ ಒಂದೇ ಇಲಿ ಉಳಿದಿತ್ತು.

ಅಪ್ಪ ಮಾತಿಗೆ ತಪ್ಪೋ ಮನುಷ್ಯನಲ್ಲ. ಆಮೇಲೆ ಗಂಡಿನ ಸುದ್ದಿ ಎತ್ತಲಿಲ್ಲ. ಅಷ್ಟೇ ಅಲ್ಲ, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ “ನನ್ನ ಮಗಳು ಇನ್‌ಸ್ಪೆಕ್ಟರ ಬಾಯಿ ತೆಗೆಸಿದೋಳು” ಅಂತ ಹೇಳಿಕೊಂಡು ಮೆರೆದರು. ಆ ಮಾತು ಸುತ್ತ ಹತ್ತು ಹಳ್ಳಿಗೆ ಹಬ್ಬಿ, ಎರಡು ವರ್ಷ ನಮ್ಮ ಬಾಗಿಲಿಗೆ ಒಂದು ಗಂಡೂ ಸುಳೀಲಿಲ್ಲ. ನಾನು ಹಾಯಾಗಿದ್ದೆ.

ಮೂರನೇ ವರ್ಷ ಒಬ್ಬರು ತಾವಾಗಿಯೇ ಬಂದರು. ಇನ್‌ಸ್ಪೆಕ್ಟರ ಆಫೀಸಿನ ಗುಮಾಸ್ತರು, ನನ್ನ ಖಾಯಂ ಆರ್ಡರು ಟೈಪು ಮಾಡಿದವರೇ. ಸೋದರತ್ತೆ ಇಲ್ಲ, ಕಾಯೋರು ಇಲ್ಲ, ಒಬ್ಬರೇ. ಅಪ್ಪ ನನ್ನ ಮುಖ ನೋಡಿ “ನಿನ್ನಿಷ್ಟ” ಅಂದರು. ನಾನು ಬೇಕಂತಲೇ ಒಂದು ತಟ್ಟೆಯಲ್ಲಿ ಎಣಿಸಿ ಹನ್ನೆರಡು ಮಂಡಕ್ಕಿ ಇಟ್ಟು, ಅವರ ಮುಂದೆ ನೂಕಿ, ಕಾಫಿ ತರ್ತೀನಿ ಅಂತ ಒಳಗೆ ಹೋದೆ. ತಿರುಗಿ ಬಂದು ನೋಡಿದರೆ ತಟ್ಟೆಯಲ್ಲಿ ಹನ್ನೆರಡೂ ಹಾಗೇ ಇದ್ದವು. ನಾನು ಏನೂ ಕೇಳಲೇ ಇಲ್ಲ, ಆ ಮನುಷ್ಯ ತಮ್ಮಷ್ಟಕ್ಕೆ ತಾವೇ ಅಗಲವಾಗಿ ಬಾಯಿ ತೆಗೆದು ತೋರಿಸಿದರು.

ಅವರನ್ನೇ ಮದುವೆಯಾದೆ.